ಹಡಗಲ್ಲಿ ಕರೆಂಟ್ ಹೋದ್ರೆ?

ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಅಂತ ಚಿತ್ರದುರ್ಗಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಹೋಳಿಗೆಗೆ ಹೂರಣ ರುಬ್ಬೋಕೆ ಗ್ರೈಂಡರ್ ಹಾಕಿದ್ದಳು. ಅದು ನಾಲ್ಕು ಸುತ್ತು ತಿರುಗಿತ್ತೋ ಇಲ್ಲವೋ, ಕರೆಂಟ್ ಹೋಯಿತು. ಅದೇ ಹೊತ್ತಿಗೆ ಅವಳ ಮಗನ ವಿಡಿಯೋ ಕಾಲ್. ಅಳಿಯ ಒಂದು ಪ್ರವಾಸಿ ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಅಕ್ಕ ಹೂರಣದ ಕೈಯಲ್ಲೇ ಫೋನ್ ಹಿಡಿದು ಕೇಳಿದಳು: "ನಿನ್ನ ಹಡಗೂ ಕರೆಂಟಲ್ಲೇ ಓಡೋದು ಅಂತೀಯಲ್ಲ, ನಡು ಸಮುದ್ರದಾಗೆ ಕರೆಂಟ್ ಹೋದ್ರೆ ಏನಪ್ಪಾ ಗತಿ?"

ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ಅಳಿಯ ಮಾತ್ರ ನಗಲಿಲ್ಲ. "ಅಮ್ಮ, ಅದು ಒಳ್ಳೆ ಪ್ರಶ್ನೆ" ಅಂದ. ಅಷ್ಟರಲ್ಲಿ ನೆಟ್‌ವರ್ಕ್ ಕಟ್ ಆಯಿತು.

ದಾವಣಗೆರೆಗೆ ವಾಪಸ್ ಬರೋವಾಗ ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ. ನನ್ನದು ಹಳೇ ಪಿ.ಬಿ. ರಸ್ತೆ ಪಕ್ಕದ ಗಲ್ಲಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಮೂವತ್ತೊಂದು ವರ್ಷದಿಂದ ಸುಟ್ಟ ಮೋಟರ್ ಬಿಚ್ಚಿ ಕಟ್ಟೋದೇ ಕೆಲಸ. ಸಮುದ್ರ ನೋಡಿದ್ದು ಮೂರೇ ಸಲ. ಆದರೂ ಅಳಿಯ ಕೆಲಸಕ್ಕೆ ಸೇರಿದ ಮೇಲೆ ಹಡಗಿನ ಮೋಟರ್ ಬಗ್ಗೆ ಒಂಥರಾ ಹುಚ್ಚು ಹತ್ತಿದೆ. ರಾತ್ರಿ ಹತ್ತಕ್ಕೆ ಅಂಗಡಿ ಬಾಗಿಲು ಹಾಕಿ ಅವನಿಗೆ ಮೆಸೇಜ್ ಮಾಡುತ್ತೇನೆ. ಅವನು ಎಲ್ಲಿದ್ದರೂ ವಾಯ್ಸ್ ನೋಟ್ ಕಳಿಸುತ್ತಾನೆ. ಹಿಂಗೆ ಐದಾರು ವರ್ಷದಲ್ಲಿ ಕೂಡಿಟ್ಟಿದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಎಲೆಕ್ಟ್ರಿಕ್ ಹಡಗು ಅಂದ ತಕ್ಷಣ ಎಲ್ಲರೂ ಬ್ಯಾಟರಿ ಅಂದುಕೊಳ್ಳುತ್ತಾರೆ, ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಇದ್ದ ಹಾಗೆ. ಅಳಿಯನ ಹಡಗಲ್ಲಿ ಅದಲ್ಲ. ಅಲ್ಲಿ ದೊಡ್ಡ ದೊಡ್ಡ ಡೀಸೆಲ್ ಜನರೇಟರ್‌ಗಳಿವೆ. ಅವು ಕರೆಂಟ್ ಮಾಡುತ್ತವೆ. ಆ ಕರೆಂಟಿನಿಂದ ಮೋಟರ್ ತಿರುಗುತ್ತದೆ, ಮೋಟರಿನಿಂದ ಪ್ರೊಪೆಲ್ಲರ್. ಮೊದಲ ಸಲ ಕೇಳಿದಾಗ ನನಗೆ ಇದು ದಡ್ಡತನ ಅನ್ನಿಸಿತ್ತು. ಎಂಜಿನ್ ಹೇಗೂ ತಿರುಗುತ್ತಿದೆ, ಅದಕ್ಕೇ ನೇರ ಶಾಫ್ಟ್ ಹಾಕಿ ಪ್ರೊಪೆಲ್ಲರ್ ತಿರುಗಿಸೋದು ಬಿಟ್ಟು, ಕರೆಂಟ್ ಮಾಡಿ ಮತ್ತೆ ತಿರುಗಿಸೋದು ಯಾಕೆ? ಕೈಲಿರೋ ತುತ್ತನ್ನು ತಲೆ ಸುತ್ತಿಸಿ ಬಾಯಿಗೆ ಹಾಕಿಕೊಂಡ ಹಾಗೆ.

ಉತ್ತರ ಸಿಕ್ಕಿದ್ದು ನಮ್ಮಪ್ಪ ಹೇಳುತ್ತಿದ್ದ ಒಂದು ಮಾತಿನಲ್ಲಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಅದಕ್ಕೂ ಮೊದಲು ಹುಡುಗನಾಗಿದ್ದಾಗ ಹತ್ತಿಯಿಂದ ಬೀಜ ಬಿಡಿಸೋ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬೆಲ್ಟ್‌ಗೆ ಮೇಣ ಹಚ್ಚೋ ಕೆಲಸ. ಅಲ್ಲಿ ಒಂದೇ ಒಂದು ಆಯಿಲ್ ಎಂಜಿನ್. ಶೆಡ್ಡಿನ ಉದ್ದಕ್ಕೂ ಮೇಲೆ ಒಂದು ಶಾಫ್ಟ್. ಅದರಿಂದ ಪ್ರತಿ ಜಿನ್‌ಗೂ ಒಂದೊಂದು ಚರ್ಮದ ಬೆಲ್ಟ್. ಒಂದೇ ಜಿನ್ ಓಡಬೇಕಿದ್ದರೂ ಇಡೀ ಶಾಫ್ಟ್ ತಿರುಗಬೇಕು. ಎಂಜಿನ್ ಕೆಟ್ಟರೆ ಎಲ್ಲ ಬಂದ್. ಎಂಜಿನ್ ಎಲ್ಲಿದೆಯೋ ಶಾಫ್ಟ್ ಅಲ್ಲಿಂದಲೇ ಹೊರಡಬೇಕು, ಆದ್ದರಿಂದ ಶೆಡ್ ಕಟ್ಟೋದೂ ಎಂಜಿನ್ ನೋಡಿಕೊಂಡೇ. ಆಮೇಲೆ ಒಂದೊಂದು ಮಷೀನಿಗೂ ಒಂದೊಂದು ಮೋಟರ್ ಬಂತು. ಶಾಫ್ಟ್ ಹೋಗಿ ವೈರ್ ಬಂತು. "ಶಾಫ್ಟ್ ಬಾಗಲ್ಲ, ವೈರ್ ಎಲ್ಲಿಗೆ ಬೇಕಾದ್ರೂ ಬಾಗುತ್ತೆ" ಅನ್ನುತ್ತಿದ್ದ ಅಪ್ಪ.

ಹಡಗಿನಲ್ಲೂ ಅದೇ ಕಥೆ. ನೇರ ಶಾಫ್ಟ್ ಇದ್ದರೆ ಎಂಜಿನ್ ಹಡಗಿನ ತಳದಲ್ಲೇ, ಪ್ರೊಪೆಲ್ಲರ್ ಸಾಲಿನಲ್ಲೇ ಕೂರಬೇಕು. ವೈರ್ ಆದರೆ ಆ ಕಟ್ಟು ಇಲ್ಲ. ಕ್ವೀನ್ ಮೇರಿ 2 ಅಂತ ಒಂದು ದೊಡ್ಡ ಹಡಗಿದೆ, 2004ರಿಂದ ಓಡುತ್ತಿದೆ. ಅದರಲ್ಲಿ ಡೀಸೆಲ್ ಜನರೇಟರ್‌ಗಳು ಕೆಳಗಿವೆ. ಜೊತೆಗಿರೋ ಎರಡು ಗ್ಯಾಸ್ ಟರ್ಬೈನ್‌ಗಳು ಮಾತ್ರ ಮೇಲೆ ಚಿಮಣಿಯ ಬುಡದಲ್ಲಿವೆ. ಅಟ್ಟದ ಮೇಲೆ ಎಂಜಿನ್ ಇಟ್ಟು ನೆಲಮಾಳಿಗೆಯಲ್ಲಿ ಗಿರಣಿ ಓಡಿಸಿದ ಹಾಗೆ.

ಇದು ಹೊಸ ಸಂಗತಿಯೂ ಅಲ್ಲ. 1838ರಲ್ಲೇ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊರಿಟ್ಜ್ ಯಾಕೋಬಿ ಅನ್ನೋ ಎಂಜಿನಿಯರ್ ನೆವಾ ನದಿಯಲ್ಲಿ ಮೋಟರ್ ದೋಣಿ ಓಡಿಸಿದ್ದ. ಚಕ್ರವರ್ತಿಯ ದುಡ್ಡು, ಸತುವಿನ ಬ್ಯಾಟರಿ. ಆಗಿನ್ನೂ ತಿರುಗಿಸಿ ಕರೆಂಟ್ ಮಾಡೋ ಡೈನಮೋ ಬಂದಿರಲಿಲ್ಲ. ಕಲ್ಲಿದ್ದಲಿನ ಬದಲು ಸತು ಕರಗಿಸಿ ಹಡಗು ಓಡಿಸೋದು ಯಾರಿಗೆ ಕಟ್ಟುತ್ತದೆ ಹೇಳಿ. ಅದು ಅಲ್ಲಿಗೇ ನಿಂತಿತು.

ಕೆಲಸಕ್ಕೆ ಬಂದಿದ್ದು 1903ರಲ್ಲಿ, ಅದೂ ರಷ್ಯಾದಲ್ಲೇ. ನೊಬೆಲ್ ಮನೆತನದ ಎಣ್ಣೆ ಕಂಪನಿಗೆ ಕಟ್ಟಿದ 'ವ್ಯಾಂಡಲ್' ಅನ್ನೋ ಟ್ಯಾಂಕರ್. ಮೂರು ಡೀಸೆಲ್ ಎಂಜಿನ್, ಒಂದೊಂದೂ 120 ಎಚ್‌ಪಿ. ಅದಕ್ಕೆ ಕರೆಂಟ್ ಯಾಕೆ ಬೇಕಾಯಿತು ಗೊತ್ತಾ? ಆ ಕಾಲದ ಡೀಸೆಲ್ ಎಂಜಿನ್ ಉಲ್ಟಾ ತಿರುಗುತ್ತಿರಲಿಲ್ಲ! ನದಿ, ಕಾಲುವೆ, ಲಾಕ್ ಗೇಟು ದಾಟೋ ಹಡಗಿಗೆ ರಿವರ್ಸ್ ಇಲ್ಲದಿದ್ದರೆ ಹೇಗೆ? ಮೋಟರಿಗಾದರೆ ಅದೊಂದು ತೊಂದರೆಯೇ ಅಲ್ಲ, ವೈರ್ ಬದಲಿಸಿದರೆ ಸಾಕು. ನಮ್ಮ ರೈತರು ದಿನಾ ಬೈದುಕೊಳ್ಳೋ ವಿಷಯ ಇದು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿದ ಮೇಲೆ ಫೇಸ್ ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತದೆ, ನೀರು ಸರಿಯಾಗಿ ಬರಲ್ಲ, ನನಗೆ ಫೋನ್ ಬರುತ್ತದೆ. ಅದೇ ಕಾಟ ಅಲ್ಲಿ ವರ ಆಯಿತು.

ಆಮೇಲೆ ಅಮೆರಿಕದ ನೌಕಾಪಡೆ ಇದನ್ನು ಹಿಡಿಯಿತು. ಅವರದು ಹಬೆಯ ಟರ್ಬೈನ್. ಟರ್ಬೈನ್ ವೇಗವಾಗಿ ತಿರುಗಿದರೇ ಚೆನ್ನ, ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಿದರೇ ಚೆನ್ನ. ನಡುವೆ ಅಷ್ಟು ದೊಡ್ಡ ಗೇರ್ ಮಾಡೋದು ಆಗ ಕಷ್ಟ. ಅದರ ಬದಲು ಜನರೇಟರ್, ಮೋಟರ್ ಹಾಕಿದರು. ಮೋಟರಿನ ಪೋಲ್‌ಗಳ, ಅಂದರೆ ಒಳಗಿನ ಆಯಸ್ಕಾಂತದ ಧ್ರುವಗಳ ಸಂಖ್ಯೆ ಬದಲಿಸಿ ವೇಗ ಬದಲಿಸುತ್ತಿದ್ದರು. ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಳಿಯನಿಗೆ ಆ ರಾತ್ರಿಯೇ ಎರಡು ಸ್ಪೀಡಿನ ಮೋಟರ್ ಕನೆಕ್ಷನ್ ಬಿಡಿಸಿ ಫೋಟೋ ಕಳಿಸಿದೆ. ಪೋಲ್ ಚೇಂಜ್ ವೈಂಡಿಂಗ್ ನಾನೂ ಮಾಡಿದ್ದೇನೆ ಸ್ವಾಮಿ, ಏಳೂವರೆ ಎಚ್‌ಪಿಗೆ.

ಆ ಕಾಲದ ಒಂದು ಘಟನೆ ಮಾತ್ರ ಹೇಳಲೇಬೇಕು. 1929ರ ಚಳಿಗಾಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಟಕೋಮಾ ಅಂತ ಒಂದು ಬಂದರು ಊರು. ಅವರಿಗೆ ನೀರಿನಿಂದಲೇ ಕರೆಂಟ್. ಮಳೆ ಕೈಕೊಟ್ಟಿತು, ಜಲಾಶಯ ಇಳಿಯಿತು. ಊರು ಕತ್ತಲಾಗೋ ಹೊತ್ತಿಗೆ ನೌಕಾಪಡೆ ಲೆಕ್ಸಿಂಗ್ಟನ್ ಅನ್ನೋ ವಿಮಾನವಾಹಕ ಹಡಗನ್ನು ತಂದು ದಡಕ್ಕೆ ಕಟ್ಟಿತು. ಹಡಗಿನ ಜನರೇಟರಿನಿಂದ ಊರಿಗೆ ಲೈನ್ ಎಳೆದರು. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಒಂದು ತಿಂಗಳು, 40 ಲಕ್ಷ ಯೂನಿಟ್‌ಗೂ ಜಾಸ್ತಿ. ನೇರ ಶಾಫ್ಟಿನ ಹಡಗಾಗಿದ್ದರೆ ಇದು ಆಗುತ್ತಿರಲಿಲ್ಲ. ಪ್ರೊಪೆಲ್ಲರ್‌ಗೆ ಹೋಗೋ ಕರೆಂಟನ್ನೇ ಊರಿಗೆ ತಿರುಗಿಸಿದರು, ಅಷ್ಟೆ. 2023ರ ಬರದಲ್ಲಿ ಪಂಪ್‌ಸೆಟ್‌ಗೆ ಕರೆಂಟ್ ಕಡಿತ ಆಗಿ ರೈತರು ಬೀದಿಗೆ ಇಳಿದಾಗ ನನಗೆ ಈ ಹಡಗೇ ನೆನಪಾಗುತ್ತಿತ್ತು. ನಮಗೆ ಹಡಗು ಬಂದು ನಿಲ್ಲೋಕೆ ಇರೋದು ಸೂಳೆಕೆರೆ ಒಂದೇ.

ಫ್ರಾನ್ಸಿನ ನಾರ್ಮಂಡಿ ಅನ್ನೋ ಪ್ರಯಾಣಿಕರ ಹಡಗು 1935ರಲ್ಲಿ ಓಡೋಕೆ ಶುರು ಮಾಡಿತು. ಒಂದೊಂದೂ 40,000 ಎಚ್‌ಪಿಯ ನಾಲ್ಕು ಮೋಟರ್. ಆಮೇಲೆ ಗೇರ್ ಮಾಡೋ ಕಲೆ ಸುಧಾರಿಸಿತು, ಈ ಪದ್ಧತಿ ಹಿಂದೆ ಬಿತ್ತು. ಸಬ್‌ಮರೀನ್, ಹಿಮ ಒಡೆಯೋ ಹಡಗು, ಇಂಥವುಗಳಲ್ಲಿ ಮಾತ್ರ ಉಳಿಯಿತು. ಹಿಮದಲ್ಲಿ ಪ್ರೊಪೆಲ್ಲರ್ ಸಿಕ್ಕಿಕೊಂಡರೆ ಡೀಸೆಲ್ ಎಂಜಿನ್ ನಿಂತೇ ಹೋಗುತ್ತದೆ. ಮೋಟರ್ ನಿಧಾನಕ್ಕೆ ತಿರುಗುವಾಗಲೂ ಪೂರ್ತಿ ಬಲ ಹಾಕುತ್ತದೆ.

ಮತ್ತೆ ಜೀವ ಬಂದಿದ್ದು ಡ್ರೈವ್‌ನಿಂದ. ನಾವು ವಿಎಫ್‌ಡಿ ಅನ್ನುತ್ತೇವಲ್ಲ, ಅದೇ. ಎಸಿ ಮೋಟರಿನ ವೇಗ ಕರೆಂಟಿನ ಫ್ರೀಕ್ವೆನ್ಸಿ ಮೇಲೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನೋದರ ಮೇಲೆ ನಿಂತಿದೆ. ಜನರೇಟರ್ ಒಂದೇ ವೇಗದಲ್ಲಿ ಓಡಲಿ, ನಡುವೆ ಒಂದು ಪೆಟ್ಟಿಗೆ ಕೂತು ಫ್ರೀಕ್ವೆನ್ಸಿ ಏರಿಸಲಿ ಇಳಿಸಲಿ, ಮೋಟರ್ ಹೇಳಿದಂತೆ ಕೇಳುತ್ತದೆ. ಇಂಗ್ಲೆಂಡಿನ ಕ್ಯೂಇ2 ಹಡಗು 1969ರಲ್ಲಿ ಹಬೆಯಲ್ಲಿ ಓಡುತ್ತಿತ್ತು. 1986-87ರಲ್ಲಿ ಜರ್ಮನಿಯಲ್ಲಿ ಅದರ ಹೊಟ್ಟೆ ಬಗೆದು ಒಂಬತ್ತು ಡೀಸೆಲ್ ಜನರೇಟರ್ ಮತ್ತು ಎರಡು ಮೋಟರ್ ಹಾಕಿದರು. ಒಂದೊಂದು ಮೋಟರ್ 44 ಮೆಗಾವ್ಯಾಟ್. ನಾನು ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿದೆ, ಸುಮಾರು 59,000 ಎಚ್‌ಪಿ. ನನ್ನ ಅಂಗಡಿಗೆ ಬರೋ ಹತ್ತು ಎಚ್‌ಪಿ ಮೋಟರ್ 5,900 ಸೇರಿದರೆ ಅದು ಒಂದು. ತೂಕ 400 ಟನ್ನಿಗೂ ಜಾಸ್ತಿ.

ಡ್ರೈವ್ ಅಂದರೆ ನನಗೆ ಒಂದು ಹಳೇ ಗಾಯ. ಹದಿನೈದು ವರ್ಷದ ಹಿಂದೆ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ಡ್ರೈವ್ ತಂದರು. ಅದಕ್ಕೆ ನಾನೇ ರಿವೈಂಡ್ ಮಾಡಿದ್ದ 30 ಎಚ್‌ಪಿ ಮೋಟರ್ ಕೊಟ್ಟೆವು. ಇಪ್ಪತ್ತು ದಿನಕ್ಕೆ ಮೋಟರ್ ಸುಟ್ಟಿತು. ಮತ್ತೆ ಕಟ್ಟಿದೆ. ಹದಿನೆಂಟು ದಿನ. "ನಿನ್ನ ಕೈಯಾಗೆ ಏನೋ ದೋಷ ಐತಿ" ಅಂದರು ಸಾಹುಕಾರರು, ಗಿರಣಿಯ ಹಮಾಲರ ಮುಂದೆ. ಮೂರನೇ ಸಲ ನಾನು ಕೂಲಿ ತಗೊಳ್ಳಲಿಲ್ಲ. ಆಮೇಲೆ ತಿಳಿಯಿತು. ಡ್ರೈವ್‌ನಿಂದ ಬರೋ ಕರೆಂಟ್ ನಯವಾದ ಅಲೆ ಅಲ್ಲ, ಕತ್ತರಿಸಿದ ತುಂಡುಗಳು. ಪ್ರತಿ ತುಂಡಿನ ಅಂಚಿಗೂ ವೋಲ್ಟೇಜ್ ಚಿಮ್ಮುತ್ತದೆ, ವೈರಿನ ಇನ್ಸುಲೇಶನ್ನನ್ನು ಕುಟ್ಟುತ್ತಲೇ ಇರುತ್ತದೆ. ಸಾಮಾನ್ಯ ವೈರ್ ಅದನ್ನು ತಡೆಯಲ್ಲ. ಡ್ರೈವ್‌ಗೆ ಅಂತಲೇ ಬೇರೆ ವೈರ್ ಬರುತ್ತದೆ, ನಾನು ಹಾಕಿರಲಿಲ್ಲ. ತಪ್ಪು ನನ್ನದೇ. ಹಡಗಿನಲ್ಲೂ ಇದೇ ತಲೆನೋವು ಇದೆ, ಅಲ್ಲಿ ಫಿಲ್ಟರ್ ಹಾಕುತ್ತಾರೆ, ಬೇರಿಂಗ್‌ಗೂ ಇನ್ಸುಲೇಶನ್ ಕೊಡುತ್ತಾರೆ ಅಂತ ಅಳಿಯ ಹೇಳಿದಾಗ ನನಗೆ ಹದಿನೈದು ವರ್ಷದ ಭಾರ ಇಳಿದ ಹಾಗಾಯಿತು. ಸಾಹುಕಾರರಿಗೆ ಹೇಳೋಣ ಅಂದರೆ ಅವರು ಈಗಿಲ್ಲ.

ಆದರೆ ನಾನು ನಿಜವಾಗಿ ಬೆರಗಾಗಿದ್ದು ಪಾಡ್ ನೋಡಿ. ಹಡಗನ್ನು ಡ್ರೈ ಡಾಕಿಗೆ, ಅಂದರೆ ನೀರು ಖಾಲಿ ಮಾಡಿ ರಿಪೇರಿ ಮಾಡೋ ಕಟ್ಟೆಗೆ ಹಾಕಿದಾಗ ಅಳಿಯ ವಿಡಿಯೋ ಕಳಿಸಿದ್ದ. ಹಡಗಿನ ಹಿಂಭಾಗದ ತಳದಲ್ಲಿ ಒಂದು ದೊಡ್ಡ ಮೀನು ನೇತು ಹಾಕಿದ ಹಾಗೆ ಉಕ್ಕಿನ ಗೂಡು. ಅದರ ಮೂತಿಗೆ ಪ್ರೊಪೆಲ್ಲರ್. ಮೋಟರ್ ಇರೋದು ಆ ಗೂಡಿನೊಳಗೆ, ಅಂದರೆ ಹಡಗಿನ ಹೊರಗೆ, ನೀರಿನೊಳಗೆ! ಇಡೀ ಗೂಡು ಸುತ್ತಲೂ ತಿರುಗುತ್ತದೆ. ಚುಕ್ಕಾಣಿಯೇ ಬೇಡ. ಫಿನ್ಲೆಂಡಿನಲ್ಲಿ 1990ರಲ್ಲಿ ಸೈಲಿ ಅನ್ನೋ ಸಣ್ಣ ಹಡಗಿಗೆ ಮೊದಲು ಹಾಕಿದರು. ಅದು ಒಂದೂವರೆ ಮೆಗಾವ್ಯಾಟ್. 1998ರಲ್ಲಿ ಎಲೇಶನ್ ಅನ್ನೋ ಪ್ರವಾಸಿ ಹಡಗಿಗೆ ಬಂತು. ಈ ಗೂಡಿನ ಹೆಸರು ಅಜಿಪಾಡ್.

"ಇದು ನಮ್ಮ ಸಬ್‌ಮರ್ಸಿಬಲ್ ಅಲ್ವೇನೋ!" ಅಂದೆ.

ಬೋರ್‌ವೆಲ್ ಮೋಟರ್ ಬಿಚ್ಚಿದ್ದನ್ನು ನೀವು ನೋಡಿರಲಿಕ್ಕಿಲ್ಲ. ಹೊರಗಿನಿಂದ ಬರೀ ಸ್ಟೀಲ್ ಕೊಳವೆ. ಬುಡ ಬಿಚ್ಚಿದರೆ ಮೊದಲು ಸಿಗೋದು ಥ್ರಸ್ಟ್ ಬೇರಿಂಗ್. ಅಂಗೈ ಅಗಲದ ಕಾರ್ಬನ್ ಬಿಲ್ಲೆ, ಅದರ ಕೆಳಗೆ ಕನ್ನಡಿ ಹಾಗೆ ಹೊಳೆಯೋ ಸ್ಟೀಲ್ ತುಂಡುಗಳು. ಪಂಪು ನೀರನ್ನು ಮೇಲಕ್ಕೆ ತಳ್ಳಿದಾಗ ನೀರು ಪಂಪನ್ನು ಕೆಳಕ್ಕೆ ತಳ್ಳುತ್ತದೆ, ಆ ಭಾರ ಪೂರ್ತಿ ಈ ಬಿಲ್ಲೆ ಮೇಲೆ. ಬಿಲ್ಲೆ ಸವೆದು ಗೆರೆ ಬಿದ್ದಿದ್ದರೆ ಮರಳು ಬಂದಿದೆ ಅಂತ ಲೆಕ್ಕ. ಆಮೇಲೆ ರೋಟರ್ ಎಳೆದರೆ ಒಳಗಿದ್ದ ನೀರು ಕಾಲ ಮೇಲೆ ಚೆಲ್ಲುತ್ತದೆ. ಸುಟ್ಟಿದ್ದರೆ ಆ ನೀರು ಕಪ್ಪು, ಪ್ಲಾಸ್ಟಿಕ್ ಸುಟ್ಟ ವಾಸನೆ. ಹೊಸ ವೈರನ್ನು ಒಂದೊಂದು ಸುತ್ತೂ ಕೈಯಲ್ಲೇ ಪೋಣಿಸಬೇಕು, ಮಂಚಕ್ಕೆ ನವಾರು ಹೆಣೆದ ಹಾಗೆ.

ಹಡಗಿನ ಪಾಡ್‌ನೊಳಗೆ ನೀರು ತುಂಬಿರಲ್ಲ, ಒಣಗಿರುತ್ತದೆ. ದೊಡ್ಡದಾದರೆ ಗಾಳಿ ಊದಿ ತಣ್ಣಗಿಡುತ್ತಾರೆ. ಆದರೆ ಥ್ರಸ್ಟ್ ಬೇರಿಂಗ್ ಅಲ್ಲೂ ಇದೆ, ಅದರ ಕೆಲಸ ಇನ್ನೂ ದೊಡ್ಡದು. ಪ್ರೊಪೆಲ್ಲರ್ ನೀರನ್ನು ತಳ್ಳಿದ ಬಲ ಹಡಗಿಗೆ ತಲುಪೋದು ಆ ಬೇರಿಂಗ್ ಮೂಲಕವೇ. ಸಾವಿರಾರು ಜನ, ಈಜುಕೊಳ, ಸಿನಿಮಾ ಹಾಲ್, ಎಲ್ಲವನ್ನೂ ದೂಡೋದು ಒಂದು ಬೇರಿಂಗ್. ಶುರುವಿನ ವರ್ಷಗಳಲ್ಲಿ ಪಾಡ್‌ಗಳಿಗೆ ಜಾಸ್ತಿ ಕಾಟ ಕೊಟ್ಟಿದ್ದೂ ಬೇರಿಂಗ್‌ಗಳೇ. ಕೆಟ್ಟರೆ ಏನು ಮಾಡುತ್ತೀರಿ ಅಂತ ಕೇಳಿದೆ. "ನೀವು ನೀರಿಂದ ಮೋಟರ್ ಎತ್ತುತ್ತೀರಿ ಮಾವ. ನಾವು ನೀರಿಂದ ಹಡಗನ್ನೇ ಎತ್ತಬೇಕು" ಅಂದ.

ಎಲ್ಲ ಹಡಗಿಗೂ ಇದೇ ಹಾಕಬಹುದಲ್ಲ? ಇಲ್ಲ. ಕರೆಂಟ್ ಮಾಡಿ ಮತ್ತೆ ತಿರುಗಿಸೋದರಲ್ಲಿ ನೂರಕ್ಕೆ ಎಂಟು ಹತ್ತು ಪಾಲು ಸೋರಿ ಹೋಗುತ್ತದೆ. ಕಂಟೇನರ್ ಹೊತ್ತು ವಾರಗಟ್ಟಲೆ ಒಂದೇ ವೇಗದಲ್ಲಿ ಹೋಗೋ ಹಡಗಿಗೆ ಅದು ದಂಡ. ಅದಕ್ಕೆ ಒಂದು ದೈತ್ಯ ಎಂಜಿನ್, ನೇರ ಶಾಫ್ಟ್, ಅದೇ ಸರಿ. ಪ್ರವಾಸಿ ಹಡಗಿನ ಬಾಳು ಬೇರೆ. ಇವತ್ತು ಓಟ, ನಾಳೆ ಬಂದರು, ನಾಡಿದ್ದು ನಿಧಾನ. ಜೊತೆಗೆ ಎಸಿ, ಅಡುಗೆ, ಲಾಂಡ್ರಿ, ಸಾವಿರಾರು ರೂಮು. ಹಡಗಿನ ವೇಗ ನೂರಕ್ಕೆ ಇಪ್ಪತ್ತು ಇಳಿಸಿದರೆ ಬೇಕಾದ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಆಗ ಎರಡು ಜನರೇಟರ್ ಆಫ್ ಮಾಡಿ, ಉಳಿದವನ್ನು ಚೆನ್ನಾಗಿ ಲೋಡ್ ಮಾಡಿ ಓಡಿಸುತ್ತಾರೆ. ಅಳಿಯನ ಹಡಗಿನೊಳಗೆ 11 ಕೆವಿ ಲೈನ್ ಇದೆಯಂತೆ. ನಮ್ಮ ಊರಿನ ಟಿಸಿಗೆ ಕಂಬದ ಮೇಲೆ ಬರುತ್ತದಲ್ಲ, ಅದೇ 11 ಕೆವಿ. ಅವನು ಅದರ ಪಕ್ಕದ ರೂಮಿನಲ್ಲಿ ಚಹಾ ಕುಡಿಯುತ್ತಾನೆ.

ಬ್ಯಾಟರಿ ವಿಷಯಕ್ಕೆ ಬಂದರೆ, ಅದು ಸಣ್ಣ ದೂರಕ್ಕೆ ಸರಿ. 2015ರಲ್ಲಿ ನಾರ್ವೆಯಲ್ಲಿ ಆಂಪೇರ್ ಅನ್ನೋ ಫೆರಿ ಬಂತು. 120 ಕಾರು, 360 ಜನ, ಇಪ್ಪತ್ತು ನಿಮಿಷದ ದಾರಿ. ದಡ ಮುಟ್ಟಿದಾಗ ಹತ್ತು ನಿಮಿಷ ಚಾರ್ಜಿಂಗ್. ದಡದ ಹಳ್ಳಿಗಳ ಲೈನ್‌ಗೆ ಅಷ್ಟು ಕರೆಂಟ್ ಒಮ್ಮೆಗೇ ಕೊಡೋ ಶಕ್ತಿ ಇರಲಿಲ್ಲ. ಅವರು ಏನು ಮಾಡಿದರು ಅಂದರೆ, ದಡದಲ್ಲೇ ಬ್ಯಾಟರಿ ಇಟ್ಟು ಸಣ್ಣಗೆ ತುಂಬಿಸುತ್ತಾ ಇದ್ದು, ಫೆರಿ ಬಂದಾಗ ಗಳಗಳ ಅಂತ ಸುರಿದರು. ನಮ್ಮ ಕೃಷಿ ಹೊಂಡ! ರಾತ್ರಿ ಕರೆಂಟ್ ಬಂದಾಗ ಹೊಂಡ ತುಂಬಿಸಿ, ಬೆಳಿಗ್ಗೆ ತೋಟಕ್ಕೆ ಬಿಡೋದು. 2025ರಲ್ಲಿ ಆಸ್ಟ್ರೇಲಿಯಾದಲ್ಲಿ ನೀರಿಗಿಳಿಸಿದ ಚೀನಾ ಜೊರಿಲ್ಲಾ ಅನ್ನೋ ಫೆರಿಯಲ್ಲಿ 40,000 ಯೂನಿಟ್ ಬ್ಯಾಟರಿ, ತೂಕ 250 ಟನ್. ಗೃಹಜ್ಯೋತಿ ಲೆಕ್ಕದಲ್ಲಿ 200 ಮನೆಗೆ ಒಂದು ತಿಂಗಳು. ಅಷ್ಟಿದ್ದರೂ ಅದು ನದೀಮುಖ ದಾಟೋಕೆ ಮಾತ್ರ.

ಬ್ಯಾಟರಿ ದೋಣಿಯಲ್ಲಿ ನಾನೇ ಒಂದು ಸಲ ಕೂತಿದ್ದೇನೆ. ಶಬರಿಮಲೆಯಿಂದ ಬರೋವಾಗ ವೈಕಂ ಮಹಾದೇವನ ದರ್ಶನಕ್ಕೆ ಇಳಿದಿದ್ದೆವು. ಅಲ್ಲಿಯ ಜೆಟ್ಟಿಯಲ್ಲಿ 'ಆದಿತ್ಯ' ನಿಂತಿತ್ತು. 2017ರ ಜನವರಿಯಿಂದ ಓಡುತ್ತಿರೋ ಸೋಲಾರ್ ಫೆರಿ, 75 ಸೀಟು, ಎರಡು ಮೋಟರ್, ಒಂದೊಂದೂ 20 ಕಿಲೋವ್ಯಾಟ್. ನಮ್ಮ ಗುರುಸ್ವಾಮಿ ಬೈದರೂ ಬಿಡದೆ ಹತ್ತಿದೆ. ದೋಣಿ ಹೊರಟಿದ್ದೇ ಗೊತ್ತಾಗಲಿಲ್ಲ, ದಡ ಹಿಂದೆ ಸರಿದಾಗಲೇ ಗೊತ್ತಾಗಿದ್ದು. ಪಕ್ಕದಲ್ಲಿ ಒಬ್ಬ ಅಜ್ಜಿ ಮೀನಿನ ಬುಟ್ಟಿ ಹಿಡಿದು ಫೋನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು, ಅದೂ ಕೇಳುತ್ತಿತ್ತು. ನಾನು ಚಪ್ಪಲಿ ಬಿಟ್ಟು ಬರಿಗಾಲು ನೆಲಕ್ಕೆ ಒತ್ತಿ ಹಿಡಿದೆ. ಮೋಟರಿನ ನಡುಕ ಪಾದಕ್ಕೆ ಬರುತ್ತದಾ ಅಂತ. ಸಣ್ಣಗೆ ಬರುತ್ತಿತ್ತು, ಒಂದೇ ಸಮನೆ. ಒಳ್ಳೆ ಬೇರಿಂಗ್.

ಈಗ ಅಕ್ಕನ ಪ್ರಶ್ನೆ. ಮರುದಿನ ಅಳಿಯನಿಗೆ ಫೋನ್ ಮಾಡಿ ಕೇಳಿದೆ. ಅವನು 2019ರ ಮಾರ್ಚ್ 23ರ ಕಥೆ ಹೇಳಿದ. ವೈಕಿಂಗ್ ಸ್ಕೈ ಅನ್ನೋ ಡೀಸೆಲ್ ಎಲೆಕ್ಟ್ರಿಕ್ ಪ್ರವಾಸಿ ಹಡಗು, ನಾರ್ವೆ ತೀರ, ದೊಡ್ಡ ಬಿರುಗಾಳಿ. ಹಡಗಿನಲ್ಲಿ 1,373 ಜನ. ಎಂಜಿನ್‌ಗಳ ಲೂಬ್ರಿಕೇಶನ್ ಆಯಿಲ್ ಮಟ್ಟ ಕಡಿಮೆ ಇತ್ತು. ಅಲೆಗೆ ಹಡಗು ಹೊಯ್ದಾಡಿದಾಗ ಆಯಿಲ್ ಒಂದು ಕಡೆ ಸರಿದು ಪಂಪು ಗಾಳಿ ಎಳೆಯಿತು. ಪ್ರೆಶರ್ ಬಿತ್ತು. ಎಂಜಿನ್ ಉಳಿಸಿಕೊಳ್ಳೋಕೆ ಸೇಫ್ಟಿ ಟ್ರಿಪ್ ಆಯಿತು. ಒಂದು ಜನರೇಟರ್, ಇನ್ನೊಂದು, ಮತ್ತೊಂದು. ಕರೆಂಟ್ ಇಲ್ಲ ಅಂದ ಮೇಲೆ ಮೋಟರ್ ಇಲ್ಲ, ಮೋಟರ್ ಇಲ್ಲ ಅಂದ ಮೇಲೆ ಹಡಗು ಗಾಳಿ ಪಾಲು. ಬಂಡೆಗೆ ಬಡಿಯೋದು ಸ್ವಲ್ಪದರಲ್ಲಿ ತಪ್ಪಿತು. 479 ಜನರನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು. ಮರುದಿನ ಹಡಗು ದಡ ಸೇರಿತು, ಎಲ್ಲರೂ ಬದುಕಿದರು.

"ಒಂದೇ ಪವರ್ ಹೌಸ್ ಮಾವ. ಲೈಟೂ ಅದೇ, ಪ್ರೊಪೆಲ್ಲರೂ ಅದೇ. ಅದಕ್ಕೇ ಎರಡು ಎಂಜಿನ್ ರೂಮ್, ಎರಡು ಸ್ವಿಚ್‌ಬೋರ್ಡ್ ಬೇರೆ ಬೇರೆ ಇಡೋದು. ನಾನು ಡ್ಯೂಟಿಗೆ ಹೋದ ತಕ್ಷಣ ಮೊದಲು ನೋಡೋದು ಆಯಿಲ್ ಲೆವೆಲ್ ಅಲಾರಂ" ಅಂದ.

ಸಂಜೆ ಅಕ್ಕನ ಫೋನ್. "ಕೇಳಿದ್ಯಾ ಅವನನ್ನ? ಹಡಗಲ್ಲಿ ಕರೆಂಟ್ ಹೋಗಲ್ಲ ತಾನೇ?"

"ಐದು ಜನರೇಟರ್ ಅವೆ ಕಣಕ್ಕ, ಒಂದು ಹೋದ್ರೆ ಇನ್ನೊಂದು. ನೀನು ಆರಾಮಾಗಿರು" ಅಂದೆ.

ಅಕ್ಕ ವಾಟ್ಸ್ಆಪ್‌ನಲ್ಲಿ ದೇವರ ಫೋಟೋ ಬಿಟ್ಟು ಬೇರೇನೂ ತೆರೆಯಲ್ಲ. ಆ ಧೈರ್ಯದ ಮೇಲೆ ಇಷ್ಟನ್ನೂ ಬರೆದಿದ್ದೇನೆ. ದುರ್ಗದ ಕಡೆಯವರು ಯಾರಾದರೂ ಓದಿದರೆ ದಯವಿಟ್ಟು ಅವಳಿಗೆ ಹೇಳಬೇಡಿ.